ಸಣ್ಣ ಪದ್ಯವನ್ನು ಬಿಡಿಸಿ ಓದುವುದು ಹೇಗೆ? ಬಾದಾಮಿಯ ಬಂಡೆ ಮೇಲಿನ ತ್ರಿಪದಿ ಹಿಡಿದು ಒಂದು ಮಾರ್ಗದರ್ಶಿ

ಶಾಲೆಯಲ್ಲಿ ಪ್ರಸ್ತಾರ ಹಾಕಿದ ನೆನಪು ನಮ್ಮಲ್ಲಿ ಬಹಳ ಜನಕ್ಕಿದೆ. ಅಕ್ಷರದ ಮೇಲೆ ಗುರು ಲಘು ಗುರುತು ಹಾಕುವುದು, ಸಾಲನ್ನು ಗಣ ಎಂಬ ಸಣ್ಣ ತುಂಡುಗಳಾಗಿ ವಿಂಗಡಿಸುವುದು, ಕೆಳಗೆ ‘ಇದು ಭಾಮಿನಿ ಷಟ್ಪದಿ’ ಎಂದು ಬರೆದು ಅಂಕ ತೆಗೆದುಕೊಳ್ಳುವುದು. ಅಲ್ಲಿಗೆ ಮುಗಿಯಿತು. ಆ ಗುರುತುಗಳಿಗೂ ಪದ್ಯದ ಅರ್ಥಕ್ಕೂ ಏನು ಸಂಬಂಧ ಅಂತ ನಾವೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ.

ಸಂಬಂಧ ಇದೆ. ಲಯ ಕೇಳುತ್ತಾ ಹೋದಂತೆ ನಮ್ಮ ಕಿವಿ ಮುಂದಿನದನ್ನು ಊಹಿಸಿಕೊಳ್ಳುತ್ತದೆ. ಒಳ್ಳೆಯ ಪದ್ಯ ಒಂದು ಕಡೆ ಆ ಊಹೆಯನ್ನು ತಪ್ಪಿಸುತ್ತದೆ. ಭಾವ ತಿರುಗುವುದೂ ಹೆಚ್ಚಾಗಿ ಅಲ್ಲೇ. ಪ್ರಸ್ತಾರ ಹಾಕುವುದು ಆ ಜಾಗವನ್ನು ಕಂಡುಹಿಡಿಯಲಿಕ್ಕೆ. ಛಂದಸ್ಸಿನ ಹೆಸರು ಗೊತ್ತಾಗುವುದು ಅದರ ಜೊತೆ ಸಿಗುವ ಲಾಭ ಅಷ್ಟೇ.

ಸುಮ್ನೆ ನಿಯಮ ಹೇಳುತ್ತಾ ಹೋದರೆ ತಲೆಗೆ ಹತ್ತುವುದಿಲ್ಲ. ಒಂದೇ ಪದ್ಯವನ್ನು ಕೈಗೆತ್ತಿಕೊಂಡು ಕೊನೆಯವರೆಗೂ ಹೋಗೋಣ. ಬಾದಾಮಿಯ ಬಂಡೆಯೊಂದರ ಮೇಲೆ ಕ್ರಿ.ಶ. 700ರ ಸುಮಾರಿನ ಒಂದು ಶಾಸನವಿದೆ. ಕಪ್ಪೆ ಅರಭಟ್ಟ ಎಂಬ ವೀರನನ್ನು ಹೊಗಳುವ ಶಾಸನ. ಅದರಲ್ಲಿ ಕನ್ನಡದ ಮೂರು ತ್ರಿಪದಿಗಳೂ ಸಂಸ್ಕೃತದ ಒಂದು ಶ್ಲೋಕವೂ ಇವೆ. ಆ ತ್ರಿಪದಿಗಳಲ್ಲಿ ಎಲ್ಲರ ಬಾಯಲ್ಲಿರುವುದು ಇದು:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಮೊದಲು ಬಾಯಿಬಿಟ್ಟು ಓದಿ

ಪೆನ್ನು ಹಿಡಿಯುವ ಮೊದಲು ಮೂರು ನಾಲ್ಕು ಸಲ ಗಟ್ಟಿಯಾಗಿ ಓದಿ. ಕಣ್ಣಲ್ಲೇ ಓದಿದರೆ ಛಂದಸ್ಸು ಸಿಗುವುದಿಲ್ಲ. ಅರ್ಥ ಪೂರ್ತಿ ಆಗದಿದ್ದರೂ ಪರವಾಗಿಲ್ಲ. ಎಲ್ಲಿ ನಿಧಾನವಾಯಿತು, ಎಲ್ಲಿ ಓಡಿತು, ಎಲ್ಲಿ ನಾಲಿಗೆ ತೊಡರಿತು ಅಂತ ಗಮನಿಸಿ, ಅಂಚಿನಲ್ಲಿ ಒಂದು ಗುರುತು ಹಾಕಿಕೊಳ್ಳಿ. ಈ ಗುರುತು ಆಮೇಲೆ ಬಹಳ ಉಪಯೋಗಕ್ಕೆ ಬರುತ್ತದೆ.

ಆಮೇಲೆ ಸರಳ ಅರ್ಥ ಬರೆದುಕೊಳ್ಳಿ. ಒಳ್ಳೆಯವರಿಗೆ ಒಳ್ಳೆಯವನು. ಮಾಧುರ್ಯಕ್ಕೆ ಮಾಧುರ್ಯ. ಬಾಧಿಸುವ ಕಲಿಗೆ ಕಲಿಯುಗ ವಿಪರೀತ. ಈತ ಮಾಧವನೇ, ಬೇರೆಯವನಲ್ಲ. ‘ಪೆರನ್’ ಅಂದರೆ ಬೇರೊಬ್ಬ. ‘ಕಲಿಯುಗ ವಿಪರೀತನ್’ ಎನ್ನುವುದು ಅರಭಟ್ಟನ ಬಿರುದು. ಸದ್ಯಕ್ಕೆ ಇಷ್ಟು ಸಾಕು. ಅರ್ಥದ ಸೂಕ್ಷ್ಮಗಳಿಗೆ ಈಗಲೇ ಕೈಹಾಕಿದರೆ ಲಯದ ಕಡೆ ಗಮನ ಹೋಗುವುದಿಲ್ಲ.

ಪ್ರಾಸ ಎಲ್ಲಿದೆ ನೋಡಿ

ಇದು ಎರಡು ನಿಮಿಷದ ಕೆಲಸ, ಆದರೆ ಸಾಲುಗಳ ಲೆಕ್ಕ ಇಲ್ಲೇ ಇತ್ಯರ್ಥವಾಗುತ್ತದೆ. ಹಳೆಯ ಕನ್ನಡ ಪದ್ಯದಲ್ಲಿ ಪ್ರಾಸ ಇರುವುದು ಸಾಲಿನ ಮೊದಲಲ್ಲಿ, ಎರಡನೇ ಅಕ್ಷರದಲ್ಲಿ. ಅದು ಆದಿಪ್ರಾಸ. ಇಲ್ಲಿ ಸಾಧು, ಬಾಧಿ, ಮಾಧ. ಮೂರರಲ್ಲೂ ‘ಧ’ಕಾರ. ಅದರ ಹಿಂದಿನ ಅಕ್ಷರ ಮೂರು ಕಡೆಯೂ ದೀರ್ಘ. ಹೀಗೆ ದೀರ್ಘದ ಮುಂದೆ ಬರುವ ಪ್ರಾಸಕ್ಕೆ ಗಜಪ್ರಾಸ ಎನ್ನುತ್ತಾರೆ.

ಶಾಸನಗಳಲ್ಲಿ ಪದ್ಯವನ್ನು ಈಗಿನ ಹಾಗೆ ಸಾಲು ಮುರಿದು ಕೆತ್ತುವುದು ಕಡಿಮೆ. ಕಲ್ಲು ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಸಾಲು. ಅಂಥ ಕಡೆ ಎಲ್ಲಿ ಮುರಿಯಬೇಕು ಅಂತ ಹೇಳುವುದು ಪ್ರಾಸವೇ. ನವೋದಯದಿಂದ ಈಚೆಗಿನ ಪದ್ಯವಾದರೆ ಪ್ರಾಸವನ್ನು ಸಾಲಿನ ಕೊನೆಯಲ್ಲೂ ಹುಡುಕಿ. ಎರಡೂ ಕಡೆ ಇಲ್ಲದಿದ್ದರೆ ಅದನ್ನೂ ಬರೆದುಕೊಳ್ಳಿ.

ಗುರು ಲಘು ಹಾಕುವುದು

ಮಾತ್ರೆ ಅಂದರೆ ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ. ಹ್ರಸ್ವ ಅಕ್ಷರ ಲಘು, ಒಂದು ಮಾತ್ರೆ, ಗುರುತು ∪. ಗುರುವಿಗೆ ಎರಡು ಮಾತ್ರೆ, ಗುರುತು –. ಗುರು ಆಗುವುದು ಯಾವಾಗ? ದೀರ್ಘವಾದರೆ (ಐ, ಔ ಸೇರಿ). ಮುಂದೆ ಒತ್ತಕ್ಷರ ಇದ್ದರೆ. ಅನುಸ್ವಾರ, ವಿಸರ್ಗ ಇದ್ದರೆ. ‘ನ್’, ‘ರ್’ ಥರ ಅರ್ಧ ವ್ಯಂಜನದಲ್ಲಿ ಮುಗಿದರೆ.

ಎಡವುವುದು ಹೆಚ್ಚಾಗಿ ಒತ್ತಕ್ಷರದಲ್ಲಿ. ಗುರು ಆಗುವುದು ಒತ್ತಕ್ಷರ ಅಲ್ಲ, ಅದರ ಹಿಂದಿನ ಅಕ್ಷರ. ‘ಬಾಧಿಪ್ಪ’ದಲ್ಲಿ ‘ಧಿ’ ಗುರು, ‘ಪ್ಪ’ ಲಘು. ‘ಮಾಧುರ್ಯಂ’ನಲ್ಲಿ ಅರ್ಕಾವತ್ತು ‘ಯ’ದ ಬಲಗಡೆ ಕೂತಿರುವುದರಿಂದ ಇನ್ನೂ ಗೊಂದಲ. ಬಾಯಲ್ಲಿ ಹೇಳಿ ನೋಡಿ: ಮಾ-ಧುರ್-ಯಂ. ಮೂರೂ ಗುರು. ಹಳಗನ್ನಡದಲ್ಲಿ ‘ರ್’, ‘ಲ್’, ‘ಳ್’ ಮೊದಲಾದವು ಸೇರಿದ ಕೆಲವು ಒತ್ತುಗಳನ್ನು ತೇಲಿಸಿ ಉಚ್ಚರಿಸುತ್ತಾರೆ, ಆಗ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. ಅದಕ್ಕೆ ಶಿಥಿಲದ್ವಿತ್ವ ಎಂದು ಹೆಸರು. ಈ ಪದ್ಯದಲ್ಲಿ ಆ ತೊಂದರೆ ಇಲ್ಲ.

ಲೆಕ್ಕದ ಕ್ರಮ: ಮೊದಲು ಮಾತ್ರೆ, ಆಮೇಲೆ ಅಕ್ಷರ, ಕೊನೆಗೆ ಅಂಶ

ಕನ್ನಡದಲ್ಲಿ ಮೂರು ಬಗೆಯ ಛಂದಸ್ಸು ಇದೆ. ಅಕ್ಷರಗಣದಲ್ಲಿ ಪ್ರತಿ ಸಾಲಿನಲ್ಲೂ ಅಷ್ಟೇ ಅಕ್ಷರ, ಅದೇ ಕ್ರಮದಲ್ಲಿ ಗುರು ಲಘು ಬರಬೇಕು. ಉತ್ಪಲಮಾಲೆಗೆ 20, ಚಂಪಕಮಾಲೆಗೆ 21, ಶಾರ್ದೂಲವಿಕ್ರೀಡಿತಕ್ಕೆ 19 ಅಕ್ಷರ. ಗಣಗಳನ್ನು ನೆನಪಿಡುವ ಸೂತ್ರ ‘ಯಮಾತಾರಾಜಭಾನಸಲಗಂ’ ಕೆಲಸಕ್ಕೆ ಬರುವುದು ಇಲ್ಲಿ. ಮಾತ್ರಾಗಣದಲ್ಲಿ ಅಕ್ಷರ ಎಷ್ಟಿದ್ದರೂ ಸರಿ, ಗಣಕ್ಕೆ ಇಷ್ಟು ಮಾತ್ರೆ ಅಂತ ಲೆಕ್ಕ. ಕಂದ, ಷಟ್ಪದಿ, ರಗಳೆ ಎಲ್ಲ ಇದರ ಕೆಳಗೆ ಬರುತ್ತವೆ. ಮೂರನೆಯದು ಅಂಶಗಣ, ನಮ್ಮ ಹಾಡುಗಳ ಹಳೆಯ ಲೆಕ್ಕ.

ನೀವು ಓದುವ ಪದ್ಯಗಳಲ್ಲಿ ಜಾಸ್ತಿ ಸಿಗುವುದು ಮಾತ್ರಾಗಣ. ಅದನ್ನು ಕಿವಿಯಲ್ಲೇ ಹಿಡಿಯಬಹುದು. ಉದಾಹರಣೆಗೆ ಅಂತಲೇ ಕಟ್ಟಿದ ನಾಲ್ಕು ಸಾಲು ಇಲ್ಲಿವೆ, ಕಾವ್ಯಗುಣ ಹುಡುಕಬೇಡಿ:

ಗಾಳಿ | ಬೀಸಿ | ಎಲೆಯು | ಬಿತ್ತು (3-3-3-3)
ಮಳೆಯು | ಸುರಿಯಿತು | ಬಿಸಿಲು | ಮರೆಯಿತು (3-4-3-4)
ಮನೆಯಲಿ | ಅಜ್ಜಿಯ | ಹಾಡಿನ | ಸದ್ದಿದೆ (4-4-4-4)
ಕೆರೆಯೇರಿ | ಮೇಲೊಂದು | ಹಳೆಯಾಲ | ಮರವಿತ್ತು (5-5-5-5)

ತೊಡೆ ತಟ್ಟಿಕೊಂಡು ಒಂದೊಂದನ್ನೂ ಹತ್ತು ಸಲ ಹೇಳಿ. ಮೂರರ ನಡೆಗೆ ಜಿಗಿತ ಇದೆ, ನಾಲ್ಕರದ್ದು ಸಮ ಹೆಜ್ಜೆ, ಐದರದ್ದು ತೂಗಾಟ. ಎರಡನೆಯದು ಭಾಮಿನಿಯ ನಡೆ. ಮೂರು ನಾಲ್ಕು ಮೂರು ನಾಲ್ಕು ಅಂತ ಹೋಗುವುದರಿಂದ ಕಥೆ ಹೇಳಲಿಕ್ಕೆ ಎಷ್ಟು ಹೊತ್ತಾದರೂ ದಣಿವಾಗದ ನಡೆ ಅದು.

ಈಗ ನಮ್ಮ ಪದ್ಯಕ್ಕೆ ಬನ್ನಿ. ಅಕ್ಷರ ಎಣಿಸಿದರೆ 12, 14, 9. ಸಾಲಿಗೊಂದು ಲೆಕ್ಕ, ಹಾಗಾಗಿ ವೃತ್ತ, ಅಂದರೆ ಅಕ್ಷರಗಣದ ಪದ್ಯ, ಅಲ್ಲ. ಸಾಲಿನ ಒಟ್ಟು ಮಾತ್ರೆ ಎಣಿಸಿದರೆ 20, 18, 13. ಇಲ್ಲೊಂದು ಬಲೆ ಇದೆ. ಸರ್ವಜ್ಞನ ಕಾಲಕ್ಕೆ ಮತ್ತು ಬೀಸುವ ಕಲ್ಲಿನ ಹಾಡುಗಳ ಹೊತ್ತಿಗೆ ತ್ರಿಪದಿ ಬಹುಮಟ್ಟಿಗೆ ಐದು ಮಾತ್ರೆಯ ನಡೆಗೆ ಹೊರಳಿದೆ: ಮೊದಲ ಸಾಲು 5-5-5-5, ಎರಡನೆಯದು 5-3-5-5, ಮೂರನೆಯದು 5-3-5. ಕೂಡಿಸಿದರೆ ಅದೂ 20, 18, 13! ‘ಹಾಗಾದರೆ ಇದೂ ಮಾತ್ರಾಗಣವೇ’ ಎಂದು ಇಲ್ಲೇ ಪುಸ್ತಕ ಮುಚ್ಚಬೇಡಿ. ಸಾಲಿನ ಮೊತ್ತ ನಂಬಬೇಡಿ, ಗಣದ ಒಳಗೆ ನೋಡಿ.

ಸಾಧುಗೆ | ಸಾಧುಮಾ | ಧುರ್ಯಂಗೆ | ಮಾಧುರ್ಯಂ
– ∪ ∪ | – ∪ – | – – ∪ | – – –

ಬಾಧಿಪ್ಪ | ಕಲಿಗೆ | ಕಲಿಯುಗ | ವಿಪರೀತನ್
– – ∪ | ∪∪ ∪ | ∪∪ ∪ ∪ | ∪∪ – –

ಮಾಧವ | ನೀತನ್ | ಪೆರನಲ್ಲ
– ∪ ∪ | – – | ∪∪ – ∪

ಮೊದಲ ಸಾಲಿನ ಗಣಗಳ ಮಾತ್ರೆ 4, 5, 5, 6. ಎರಡನೆಯದು 5, 3, 4, 6. ಮೂರನೆಯದು 4, 4, 5. ಒಂದಕ್ಕೊಂದು ಹೊಂದುವುದಿಲ್ಲ. ಮೊತ್ತ ಸರಿಹೋದದ್ದು ಆಕಸ್ಮಿಕ.

ಹಾಗಾದರೆ ಅಂಶಗಣ. ಇದರ ನಿಯಮ ಕೇಳಲು ಕಷ್ಟ, ಮಾಡಲು ಸುಲಭ. ಗಣದ ಒಳಗೆ ಒಂದು ಅಕ್ಷರ ಅಂದರೆ ಒಂದು ಅಂಶ, ಗುರುವಾಗಲಿ ಲಘುವಾಗಲಿ. ಗಣದ ಮೊದಲಲ್ಲಿ ಮಾತ್ರ ಒಂದು ಗುರು ಇರಬೇಕು, ಇಲ್ಲವೇ ಎರಡು ಲಘು ಸೇರಿ ಒಂದು ಅಂಶ ಆಗಬೇಕು. ಎರಡು ಅಂಶದ್ದು ಬ್ರಹ್ಮಗಣ, ಮೂರರದ್ದು ವಿಷ್ಣುಗಣ, ನಾಲ್ಕರದ್ದು ರುದ್ರಗಣ. ಗುರು ಲಘು ಅದಲು ಬದಲು ಮಾಡಿದರೆ ಬ್ರಹ್ಮಕ್ಕೆ 4 ರೂಪ, ವಿಷ್ಣುವಿಗೆ 8, ರುದ್ರಕ್ಕೆ 16.

ತ್ರಿಪದಿಯ ಲಕ್ಷಣ: ಒಟ್ಟು 11 ಗಣ, ಸಾಲಿಗೆ 4, 4, 3. ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಮಿಕ್ಕದ್ದೆಲ್ಲ ವಿಷ್ಣು. ಮೇಲಿನ ಪ್ರಸ್ತಾರಕ್ಕೆ ಹಚ್ಚಿ ನೋಡಿ. ಆರನೆಯ ಗಣ ‘ಕಲಿಗೆ’, ಎರಡು ಅಂಶ. ಹತ್ತನೆಯದು ‘ನೀತನ್’, ಎರಡು ಅಂಶ. ಉಳಿದ ಒಂಬತ್ತಕ್ಕೂ ಮೂರು ಮೂರು. ಒಂದು ಕೂದಲೂ ಆಚೆ ಈಚೆ ಇಲ್ಲ. ನಾಗವರ್ಮ ‘ಛಂದೋಂಬುಧಿ’ಯಲ್ಲಿ ಕನ್ನಡದ ಛಂದಸ್ಸುಗಳಿಗೆ ಲಕ್ಷಣ ಬರೆದದ್ದು ಹತ್ತನೇ ಶತಮಾನದ ಕೊನೆಗೆ. ಈ ಪದ್ಯ ಕೆತ್ತಿ ಆಗಲೇ ಸುಮಾರು ಮುನ್ನೂರು ವರ್ಷ ಆಗಿತ್ತು. ನಿಯಮ ಪುಸ್ತಕಕ್ಕೆ ಬರುವ ಮೊದಲೇ ಜನರ ಕಿವಿಯಲ್ಲಿ ಇತ್ತು ಅನ್ನಲಿಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ನಾಲ್ಕು ಮಾತ್ರೆಯ ಗಣದ ಪಕ್ಕ ಆರು ಮಾತ್ರೆಯ ಗಣ ಬಂದರೆ ಲಯ ಕೆಡುವುದಿಲ್ಲವೇ ಎಂದು ಕೇಳಬಹುದು. ಓದಿದರೆ ಕೆಟ್ಟ ಹಾಗೆ ಕೇಳುತ್ತದೆ, ಹಾಡಿದರೆ ಇಲ್ಲ. ಹಾಡುವಾಗ ಸಣ್ಣ ಗಣವನ್ನು ಎಳೆಯುತ್ತಾರೆ, ದೊಡ್ಡದನ್ನು ಒತ್ತುತ್ತಾರೆ. ಅಂಶಗಣ ಇರುವುದೇ ಹಾಡಿಗೆ. ಹಾಗಾಗಿ ಪ್ರಸ್ತಾರ ಸರಿ ಬರದಿದ್ದರೆ ಒಂದು ಸಲ ಹಾಡಿ ನೋಡಿ.

ಕಿವಿ ಮೋಸ ಹೋಗುವ ಜಾಗ

ಇಲ್ಲಿವರೆಗೆ ಎಲ್ಲರೂ ಬರುತ್ತಾರೆ. ಮುಂದಿನ ಹೆಜ್ಜೆಯನ್ನೇ ಬಿಟ್ಟುಬಿಡುತ್ತಾರೆ. ಈಗ ಎರಡು ವಿಷಯ ನೋಡಬೇಕು: ಗುರುಗಳು ಎಲ್ಲಿ ಗುಂಪಾಗಿವೆ, ಲಘುಗಳು ಎಲ್ಲಿ ಗುಂಪಾಗಿವೆ. ಮತ್ತೆ, ಯಾವ ಮಾತು ಮರುಕಳಿಸುತ್ತಿದೆ, ಎಲ್ಲಿ ನಿಂತಿತು.

ಮೊದಲ ಸಾಲಿನ 12 ಅಕ್ಷರಗಳಲ್ಲಿ 8 ಗುರು. ಭಾರ, ನಿಧಾನ. ಎರಡನೇ ಸಾಲಲ್ಲಿ ‘ಬಾಧಿಪ್’ ಎಂಬ ಎರಡು ಗುರು ಆದಮೇಲೆ ನೋಡಿ: ಪ್ಪ, ಕ, ಲಿ, ಗೆ, ಕ, ಲಿ, ಯು, ಗ, ವಿ, ಪ. ಸಾಲಾಗಿ ಹತ್ತು ಲಘು! ಆಮೇಲೆ ‘ರೀತನ್’ ಎಂದು ಎರಡು ಗುರುವಿನಲ್ಲಿ ಬ್ರೇಕ್ ಹಾಕಿದ ಹಾಗೆ ನಿಲ್ಲುತ್ತದೆ. ಗಟ್ಟಿಯಾಗಿ ಓದಿದಾಗ ಅಂಚಿನಲ್ಲಿ ‘ಓಡಿತು’ ಎಂದು ಗುರುತು ಹಾಕಿದ್ದರೆ ಅದು ಇಲ್ಲೇ ಇರುತ್ತದೆ.

ಇನ್ನು ಮಾತಿನ ಕಟ್ಟು. ‘ಸಾಧುಗೆ ಸಾಧು.’ ‘ಮಾಧುರ್ಯಂಗೆ ಮಾಧುರ್ಯಂ.’ ಎರಡು ಸಲ ಒಂದೇ ಅಚ್ಚು: ಇಂಥದ್ದಕ್ಕೆ ಇಂಥದ್ದೇ. ಮೂರನೇ ಸಲ ‘ಬಾಧಿಪ್ಪ ಕಲಿಗೆ’ ಎಂದ ಕೂಡಲೇ ಕಿವಿ ತಾನೇ ಮುಂದಿನದನ್ನು ಹೇಳಿಬಿಡುತ್ತದೆ: ಕಲಿ. ಪದ್ಯವೂ ‘ಕಲಿ’ ಅಂತಲೇ ಶುರುಮಾಡುತ್ತದೆ. ‘ಕಲಿಗೆ ಕಲಿ...’ ಸರಿಹೋಯ್ತು ಅಂದುಕೊಳ್ಳುವಷ್ಟರಲ್ಲಿ ಅದು ‘ಕಲಿಯುಗ ವಿಪರೀತನ್’ ಆಗಿ ಬೆಳೆದು ಅಚ್ಚನ್ನು ಒಡೆದುಕೊಂಡು ಹೊರಗೆ ಬರುತ್ತದೆ. ಒಳ್ಳೆಯದಕ್ಕೆ ಒಳ್ಳೆಯದು, ಸಿಹಿಗೆ ಸಿಹಿ. ಆದರೆ ಕೆಡುಕಿಗೆ ಅಷ್ಟೇ ಪ್ರಮಾಣದ ಕೆಡುಕಲ್ಲ, ಲೆಕ್ಕ ಮೀರಿದ್ದು.

ಗಣದ ಜೊತೆ ಇಟ್ಟು ನೋಡಿದರೆ ಇನ್ನೂ ಮಜಾ. ಅಚ್ಚು ಒಡೆಯುವ ಮೊದಲಿನ ಮಾತು ‘ಕಲಿಗೆ’ ಬಿದ್ದಿರುವುದು ಸರಿಯಾಗಿ ಆರನೇ ಗಣದಲ್ಲಿ. ಅದುವರೆಗೂ ಮೂರು ಮೂರು ಅಂಶ ಕೇಳಿ ರೂಢಿಯಾದ ಕಿವಿಗೆ ಮೊದಲ ಸಲ ಎರಡೇ ಅಂಶ ಸಿಗುವ ಜಾಗ ಅದು. ಮೆಟ್ಟಿಲು ಇಳಿಯುವಾಗ ಒಂದು ಮೆಟ್ಟಿಲು ಗಿಡ್ಡ ಇದ್ದರೆ ಕಾಲು ಮುಗ್ಗರಿಸುವಂತೆ, ಅಲ್ಲಿಂದ ಮಾತು ಓಡತೊಡಗುತ್ತದೆ. ಆರನೇ ಗಣ ಬ್ರಹ್ಮ ಇರಬೇಕು ಎನ್ನುವುದು ಎಲ್ಲ ತ್ರಿಪದಿಗೂ ಒಂದೇ. ಆ ಜಾಗದಲ್ಲಿ ಯಾವ ಮಾತನ್ನು ಕೂರಿಸಬೇಕು ಎನ್ನುವುದು ಕವಿಯ ಜಾಣತನ.

ಭಾವಕ್ಕೆ ಬರುವುದು ಈಗ

‘ಇದು ವೀರರಸ, ಸ್ಥಾಯಿಭಾವ ಉತ್ಸಾಹ’ ಎಂದು ಬರೆದರೆ ತಪ್ಪಲ್ಲ. ಆದರೆ ಸಾವಿರ ವೀರಗಲ್ಲಿಗೂ ಅದನ್ನೇ ಬರೆಯಬಹುದು, ಅಲ್ವಾ? ಒಂಬತ್ತು ರಸಗಳ ಪಟ್ಟಿಯಿಂದ ಒಂದು ಹೆಸರು ಆರಿಸುವುದು ಕೊನೆಯ ಕೆಲಸ. ಮೊದಲು ಈ ಪ್ರಶ್ನೆಗಳನ್ನು ಕೇಳಿ.

ಮಾತಾಡುವವರು ಯಾರು, ಎಲ್ಲಿ ನಿಂತಿದ್ದಾರೆ? ‘ಈತನ್’ ಎನ್ನುತ್ತಾರೆ, ‘ಆತನ್’ ಅಲ್ಲ. ವೀರ ಹತ್ತಿರದಲ್ಲೇ ಇದ್ದಾನೆ, ಬೆರಳು ತೋರಿಸಿ ಹೇಳುತ್ತಿರುವ ಮಾತು. ಅವನ ಹೆಸರು ಪದ್ಯದಲ್ಲಿಲ್ಲ, ಬಿರುದು ಮಾತ್ರ ಇದೆ. ಹೆಸರು ಶಾಸನದ ಶುರುವಿನಲ್ಲೇ ಬಂದಿದೆ.

ಕ್ರಿಯಾಪದ ಎಲ್ಲಿದೆ? ಹುಡುಕಿ, ಸಿಗುವುದಿಲ್ಲ. ‘ಬಾಧಿಪ್ಪ’ ವಿಶೇಷಣದ ಕೆಲಸ ಮಾಡುತ್ತಿದೆ, ಅದೂ ವೈರಿಯ ಕೆಲಸ ಹೇಳಲಿಕ್ಕೆ. ಕೊನೆಗೆ ಒಂದು ‘ಅಲ್ಲ’ ಇದೆ ಅಷ್ಟೇ. ವೀರ ಕತ್ತಿ ಹಿರಿದ, ಕೊಂದ, ಗೆದ್ದ, ಇದ್ಯಾವುದೂ ಇಲ್ಲ. ಅವನು ಏನು ಮಾಡಿದ ಎನ್ನುವುದು ಬೇಕಿಲ್ಲ, ಏನಾಗಿದ್ದಾನೆ ಎನ್ನುವುದೇ ಸಾಕು ಎಂಬ ಧೋರಣೆ. ಹೊಗಳಿಕೆಯ ಒಳಗೆ ಎಚ್ಚರಿಕೆ ಇದೆ. ಬಾದಾಮಿಯ ಆ ಬಂಡೆ ಹಾದುಹೋಗುವವರಿಗೆ ‘ನೀನು ಹೇಗಿದ್ದರೆ ಅವನು ಹಾಗೆ, ಯೋಚನೆ ಮಾಡು’ ಎಂದು ಹೇಳುವ ದನಿ.

ಎರಡು ಅರ್ಥ ಬರುವ ಮಾತು ಇದೆಯಾ? ‘ಕಲಿ’ ಅಂದರೆ ಶೂರ ಎಂದೂ ಹಿಡಿಯಬಹುದು, ಕಲಿಯುಗದ ಕಲಿ ಎಂದೂ ಹಿಡಿಯಬಹುದು. ಶೂರ ಎಂದರೆ ಅದು ಮೊದಲ ಸಾಲಿನ ಜೊತೆ ಸೇರುತ್ತದೆ: ಸಾಧುವಿಗೆ, ಮಾಧುರ್ಯಕ್ಕೆ, ಕಾಡುವ ಶೂರನಿಗೆ. ಕಲಿಪುರುಷ ಎಂದರೆ ಮೂರನೇ ಸಾಲಿನ ಮಾಧವನ ಜೊತೆ ಸೇರುತ್ತದೆ, ಕಲಿಗೆ ಎದುರು ನಿಲ್ಲುವವನು ಅವನೇ ತಾನೆ. ನಡುಸಾಲು ಹಿಂದಕ್ಕೂ ಮುಂದಕ್ಕೂ ಕೈಚಾಚಿದೆ. ಎರಡರಲ್ಲಿ ಒಂದನ್ನು ಆರಿಸಿ ಇನ್ನೊಂದನ್ನು ತಳ್ಳಿಹಾಕುವ ಅಗತ್ಯ ನನಗೆ ಕಾಣುವುದಿಲ್ಲ. ಶಾಸನದ ಅರ್ಥ ನಿರ್ಧರಿಸುವವರಿಗೆ ಒಂದೇ ಬೇಕಾಗಬಹುದು, ಪದ್ಯ ಓದುವವರಿಗೆ ಎರಡೂ ಇರಲಿ.

ಇನ್ನೊಂದು ಚಿಕ್ಕ ಮಾತು. ಹೊಸಕಾಲದ ಮುಕ್ತಛಂದದ ಪದ್ಯ ಸಿಕ್ಕಿದರೂ ಕ್ರಮ ಇದೇ. ಗಣ ಸಿಗದಿದ್ದರೆ ಸಾಲು ಎಲ್ಲಿ ಮುರಿದಿದೆ, ಯಾವ ಮಾತು ಮರುಕಳಿಸಿದೆ, ಮಾತಿನ ಧಾಟಿ ಯಾರದ್ದು ಎನ್ನುವುದನ್ನು ಹಿಡಿಯಿರಿ. ನಡುವೆ ಒಂದೆರಡು ಸಾಲು ಇದ್ದಕ್ಕಿದ್ದಂತೆ ಮಾತ್ರೆಗೆ ಕೂತರೆ ಬಿಡಬೇಡಿ. ಅಲ್ಲಿ ಏನೋ ಇದೆ.

ಬರೆಯುವಾಗ

ಟಿಪ್ಪಣಿ ಎಲ್ಲ ಸಿಕ್ಕಿತು ಅಂತ ಸಿಕ್ಕಿದ ಕ್ರಮದಲ್ಲೇ ಬರೆಯಬೇಡಿ. ಛಂದಸ್ಸಿಗೆ ಒಂದು ಪ್ಯಾರಾ, ಪ್ರಾಸಕ್ಕೆ ಒಂದು, ರಸಕ್ಕೆ ಒಂದು ಎಂದು ಕತ್ತರಿಸಿದರೆ ಪದ್ಯ ಸತ್ತುಹೋಗುತ್ತದೆ. ಕಿವಿ ಮೋಸ ಹೋದ ಜಾಗವನ್ನು ಮೊದಲ ವಾಕ್ಯದಲ್ಲೇ ಹೇಳಿ, ಮಿಕ್ಕದ್ದನ್ನೆಲ್ಲ ಅದಕ್ಕೆ ಸಾಕ್ಷಿಯಾಗಿ ತನ್ನಿ. ಇಲ್ಲಿ ಆದರೆ ಹೀಗೆ ಶುರುಮಾಡಬಹುದು: ‘ಎರಡು ಸಲ ತೂಕಕ್ಕೆ ತೂಕ ಇಟ್ಟ ಪದ್ಯ ಮೂರನೇ ಸಲ ತಕ್ಕಡಿಯನ್ನೇ ಬೀಳಿಸುತ್ತದೆ.’ ಗಜಪ್ರಾಸದ ಹೆಸರು ಅದಕ್ಕೆ ಸಾಕ್ಷಿಯಾಗಿ ಬರದಿದ್ದರೆ ಬಿಟ್ಟುಬಿಡಿ, ಏನೂ ನಷ್ಟವಿಲ್ಲ.

ಈಗ ನಿಮ್ಮ ಸರದಿ

ಅದೇ ಶಾಸನದ ಇನ್ನೊಂದು ತ್ರಿಪದಿ ಕೊಡುತ್ತೇನೆ. ಕೆಳಗಿನ ವಿವರ ಓದುವ ಮೊದಲು ನೀವೇ ಪ್ರಸ್ತಾರ ಹಾಕಿ ನೋಡಿ.

ಕಟ್ಟಿದ ಸಿಂಘಮನ್ ಕೆಟ್ಟೊದೇನೆಮಗೆನ್ದು
ಬಿಟ್ಟವೋಲ್ ಕಲಿಗೆ ವಿಪರೀತಂಗಹಿತರ್ಕ್ಕಳ್
ಕೆಟ್ಟರ್ ಮೇಣ್ ಸತ್ತರ್ ಅವಿಚಾರಂ

ಕಟ್ಟಿಹಾಕಿದ ಸಿಂಹವನ್ನು ‘ನಮಗೇನು ಕೆಟ್ಟೀತು’ ಎಂದು ಬಿಟ್ಟ ಹಾಗೆ, ಈ ವಿಪರೀತನ ವೈರಿಗಳು ಹಿಂದುಮುಂದು ನೋಡದೆ ಕೆಟ್ಟರು, ಸತ್ತರು.

ಪ್ರಾಸ ‘ಟ್ಟ’: ಕಟ್ಟಿ, ಬಿಟ್ಟ, ಕೆಟ್ಟ. ಗಣ ಮತ್ತೆ 4, 4, 3. ಆರನೆಯದು ಇಲ್ಲೂ ‘ಕಲಿಗೆ’, ಹತ್ತನೆಯದು ‘ಸತ್ತರ್’. ಸಾಲಿನ ಮಾತ್ರೆ ಕೂಡಿಸಿದರೆ 19, 20, 16. ಹಿಂದಿನ ಪದ್ಯದ 20, 18, 13ಕ್ಕೆ ಇದು ಹೊಂದುವುದೇ ಇಲ್ಲ. ಮೊತ್ತ ಆಕಸ್ಮಿಕ ಎಂದದ್ದು ಇದಕ್ಕೇ.

ಅಲ್ಲಿ ಕ್ರಿಯಾಪದ ಇರಲಿಲ್ಲ, ಇಲ್ಲಿ ಎರಡು ಇವೆ, ಎರಡೂ ವೈರಿಗಳ ಪಾಲಿಗೆ: ಕೆಟ್ಟರ್, ಸತ್ತರ್. ವೀರ ಇಲ್ಲೂ ಏನೂ ಮಾಡುವುದಿಲ್ಲ. ಅಲ್ಲಿ ಹತ್ತು ಲಘು ಓಡಿದರೆ ಇಲ್ಲಿ ‘ಕೆಟ್ಟರ್ ಮೇಣ್ ಸತ್ತರ್’ ಎಂದು ಐದು ಗುರು ಒಂದರ ಹಿಂದೆ ಒಂದು ಬೀಳುತ್ತವೆ. ಕಿವಿ ಮೋಸ ಹೋಗುವ ಜಾಗ ಯಾವುದು? ನನ್ನ ಪ್ರಕಾರ ಮೂರನೇ ಸಾಲಿನ ಮೊದಲ ಮಾತು. ಮೊದಲ ಸಾಲಲ್ಲಿ ವೈರಿಗಳ ಬಾಯಿಂದಲೇ ‘ಕೆಟ್ಟೊದೇನ್ ಎಮಗೆ’ ಎಂಬ ಉಡಾಫೆ ಬರುತ್ತದೆ. ಎರಡು ಸಾಲು ಕಳೆದು, ಪ್ರಾಸದ ಸ್ಥಾನದಲ್ಲೇ, ಅವರದೇ ಮಾತು ಅವರಿಗೆ ಉತ್ತರವಾಗಿ ವಾಪಸ್ಸು ಬರುತ್ತದೆ: ‘ಕೆಟ್ಟರ್’. ಇದನ್ನು ಬರೀ ವೀರರಸ ಎಂದು ಕರೆಯಲು ನನಗೆ ಮನಸ್ಸಿಲ್ಲ. ಅಣಕ ಇದೆ, ಅದೂ ಕಲ್ಲಿನ ಮೇಲೆ ಕೆತ್ತಿಸಿದ ಅಣಕ. ನೀವು ಬೇರೆ ಹೇಳುವುದಾದರೆ ಗಣದ ಸಂಖ್ಯೆ ಹಾಕಿ ತೋರಿಸಿ, ಒಪ್ಪುತ್ತೇನೆ.